ಹೆಬ್ಬೆಟ್ಟಿನ ಪಾಸ್‌ವರ್ಡ್ ಬದಲಿಸುವುದು ಹೇಗೆ ಸ್ವಾಮಿ?

‘ಹೆಬ್ಬೆಟ್ಟು’ ಎಂಬುದು ನಮ್ಮ ಕಡೆ ಬೈಗುಳ. ಓದುಬರಹ ಬಾರದವರನ್ನು ಕಚೇರಿಗಳಲ್ಲಿ ಹಾಗೆ ಕರೆದು ನಗುತ್ತಿದ್ದ ಕಾಲವಿತ್ತು. ಸಾಕ್ಷರತಾ ಆಂದೋಲನ ಬಂತು, ರಾತ್ರಿ ಶಾಲೆ ಬಂತು, ಅಜ್ಜಿಯರೂ ಸ್ಲೇಟು ಹಿಡಿದು ಹೆಸರು ಬರೆಯುವುದನ್ನು ಕಲಿತರು. ಅವರು ಕಲಿತು ಮುಗಿಸುವಷ್ಟರಲ್ಲಿ ಸರ್ಕಾರವೇ ಹೆಬ್ಬೆಟ್ಟಿಗೆ ವಾಪಸ್ ಬಂತು. ಪಡಿತರಕ್ಕೆ ಹೆಬ್ಬೆಟ್ಟು, ಸಿಮ್ ಕಾರ್ಡಿಗೆ ಹೆಬ್ಬೆಟ್ಟು, ಜಮೀನು ನೋಂದಣಿಗೆ ಹೆಬ್ಬೆಟ್ಟು, ಖಾತೆಯಿಂದ ದುಡ್ಡು ತೆಗೆಯಲೂ ಹೆಬ್ಬೆಟ್ಟು. ಈಗ ಆ ಹೆಬ್ಬೆಟ್ಟನ್ನೂ ಕದಿಯುವವರು ಹುಟ್ಟಿಕೊಂಡಿದ್ದಾರೆ. ಕಳೆದುಕೊಂಡವರಿಗೆ ಸಿಗುತ್ತಿರುವ ಉತ್ತರ ಒಂದೇ: ‘ನೀವು ಎಚ್ಚರವಾಗಿರಬೇಕಿತ್ತು.’

ಈ ‘ಎಚ್ಚರವಾಗಿರಿ’ ಎಂಬ ಮಾತಿನ ಮೇಲೆಯೇ ನಮ್ಮ ತಕರಾರು.

ಮೊದಲು ವ್ಯವಸ್ಥೆ ಹೇಗಿದೆ ನೋಡಿ. ಆಧಾರ್ ಆಧಾರಿತ ಪಾವತಿ ವ್ಯವಸ್ಥೆ, ಬ್ಯಾಂಕಿನವರ ಬಾಯಲ್ಲಿ ಎಇಪಿಎಸ್. ಹಳ್ಳಿಯ ಬ್ಯಾಂಕ್ ಮಿತ್ರನ ಬಳಿ ಇರುವ ಪುಟ್ಟ ಯಂತ್ರಕ್ಕೆ ಮೂರೇ ಸಂಗತಿ ಬೇಕು: ಆಧಾರ್ ಸಂಖ್ಯೆ, ಬ್ಯಾಂಕಿನ ಹೆಸರು, ಬೆರಳಚ್ಚು. ಒಟಿಪಿ ಇಲ್ಲ, ಪಿನ್ ಇಲ್ಲ, ಎಟಿಎಂ ಕಾರ್ಡ್ ಬೇಡ. ಒಂದು ಸಲಕ್ಕೆ ಹತ್ತು ಸಾವಿರ ರೂಪಾಯಿವರೆಗೆ ತೆಗೆಯಬಹುದು. ಹದಿನೈದು ಕಿಲೋಮೀಟರ್ ದೂರದ ಬ್ಯಾಂಕಿಗೆ ಬಸ್ಸು ಹತ್ತಲಾರದ ಮುದುಕರಿಗೆ ಇದು ದೊಡ್ಡ ಅನುಕೂಲ. ಇದನ್ನು ಕಿತ್ತು ಹಾಕಿ ಎಂದು ನಾವು ಹೇಳುತ್ತಿಲ್ಲ. ಆದರೆ ಅನೇಕ ಬ್ಯಾಂಕ್‌ಗಳಲ್ಲಿ ಖಾತೆಗೆ ಆಧಾರ್ ಜೋಡಿಸಿದೊಡನೆ ಈ ಬಾಗಿಲು ತಾನಾಗಿ ತೆರೆದುಕೊಳ್ಳುತ್ತದೆ. ‘ನಿಮಗೆ ಬೇಕೇ?’ ಎಂದು ಕೇಳುವುದಿಲ್ಲ. ಬಾಗಿಲು ಇದೆ ಎಂಬುದೇ ಖಾತೆದಾರರಿಗೆ ಗೊತ್ತಿರುವುದಿಲ್ಲ, ಕಳ್ಳನಿಗೆ ಮಾತ್ರ ಗೊತ್ತಿರುತ್ತದೆ.

ಹಾಗಾದರೆ ಬೆರಳಚ್ಚು ಎಲ್ಲಿಂದ ಸಿಗುತ್ತದೆ? 2023ರಲ್ಲಿ ನಮ್ಮ ರಾಜ್ಯದಲ್ಲೇ ಬಯಲಾದ ಪ್ರಕರಣ ನೆನಪಿಸಿಕೊಳ್ಳಿ. ನೋಂದಣಿ ಇಲಾಖೆಯ ಕಾವೇರಿ ಪೋರ್ಟಲ್‌ನಲ್ಲಿದ್ದ ಕ್ರಯಪತ್ರಗಳ ಪ್ರತಿಗಳನ್ನು ಇಳಿಸಿಕೊಂಡು, ಅದರಲ್ಲಿದ್ದ ಬೆರಳಚ್ಚಿನ ಅಚ್ಚು ತಯಾರಿಸಿ, ಅದರಲ್ಲೇ ಸಿಕ್ಕ ಆಧಾರ್ ಸಂಖ್ಯೆ ಬಳಸಿ ದುಡ್ಡು ಎತ್ತಿದ್ದರು. ಮನೆ, ಸೈಟು, ಹೊಲ ಕೊಂಡವರು, ಮಾರಿದವರು ಸಬ್ ರಿಜಿಸ್ಟ್ರಾರ್ ಮುಂದೆ ಕಾನೂನಿನ ಪ್ರಕಾರ ಒತ್ತಿದ ಬೆರಳು ಅದು. ಅವರು ಯಾರಿಗೂ ಒಟಿಪಿ ಹೇಳಿರಲಿಲ್ಲ, ಯಾವ ಲಿಂಕ್ ಒತ್ತಿರಲಿಲ್ಲ, ಯಾವ ಲಾಟರಿಗೂ ಆಸೆಪಟ್ಟಿರಲಿಲ್ಲ. ಸರ್ಕಾರ ಹೇಳಿದಲ್ಲಿ ಬೆರಳಿಟ್ಟಿದ್ದರು, ಅಷ್ಟೇ. ಪೊಲೀಸರು ಪತ್ತೆ ಹಚ್ಚಿದ ಮೇಲೆ ಪ್ರತಿಗಳಲ್ಲಿ ಬೆರಳಚ್ಚು ಮತ್ತು ಆಧಾರ್ ಸಂಖ್ಯೆ ಮರೆಮಾಚಲು ಇಲಾಖೆ ಮುಂದಾಯಿತು. ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದರು ಎಂಬ ಗಾದೆ ಇದಕ್ಕೇ ಹುಟ್ಟಿದಂತಿದೆ. ಅದಕ್ಕೂ ಮೊದಲು ಇಳಿಸಿಕೊಂಡ ಪ್ರತಿಗಳು ಎಲ್ಲಿವೆ? ಅವುಗಳಲ್ಲಿರುವ ಬೆರಳುಗಳು ಈಗಲೂ ಅದೇ ಜನರ ಕೈಯಲ್ಲೇ ಇವೆ, ಬದಲಾಗಿಲ್ಲ. ಪಾಸ್‌ವರ್ಡ್ ಕಳುವಾದರೆ ಬದಲಿಸಬಹುದು. ಹೆಬ್ಬೆಟ್ಟು ಕಳುವಾದರೆ ಏನು ಮಾಡಬೇಕು, ಹೊಸ ಬೆರಳು ಬೆಳೆಸಿಕೊಳ್ಳಬೇಕೇ?

ಈಗ ‘ಎಚ್ಚರ’ದ ಸಲಹೆಗೆ ಬರೋಣ. ಸುರಕ್ಷತಾ ಪಂಡಿತರೆಲ್ಲ ಹೇಳುವುದು: ‘ಆಧಾರ್ ಬಯೋಮೆಟ್ರಿಕ್ ಲಾಕ್ ಮಾಡಿ.’ ಒಳ್ಳೆಯ ಸಲಹೆ, ನಗರದವರಿಗೆ. ಲಾಕ್ ಮಾಡಲು ಆಧಾರ್‌ಗೆ ಜೋಡಿಸಿದ ಮೊಬೈಲ್‌ಗೆ ಒಟಿಪಿ ಬರಬೇಕು. ನಮ್ಮ ಹಳ್ಳಿಯ ಎಷ್ಟೋ ಹೆಂಗಸರ ಆಧಾರ್‌ಗೆ ಇರುವುದು ಗಂಡನ ನಂಬರ್, ಮಗನ ನಂಬರ್, ಇಲ್ಲವೇ ಎಂದೋ ನಿಂತುಹೋದ ಸಿಮ್‌ನ ನಂಬರ್. ಹೇಗೋ ಮಾಡಿ ಲಾಕ್ ಮಾಡಿದರು ಎನ್ನಿ. ತಿಂಗಳ ಕೊನೆಗೆ ನ್ಯಾಯಬೆಲೆ ಅಂಗಡಿ ಮುಂದೆ ನಿಂತಾಗ ಯಂತ್ರ ಅವರ ಬೆರಳನ್ನು ಒಪ್ಪುವುದಿಲ್ಲ. ಅಲ್ಲೇ ನಿಂತು ಮೊಬೈಲ್ ತೆಗೆದು, ಒಟಿಪಿ ತರಿಸಿ, ಕೆಲವು ನಿಮಿಷಕ್ಕೆ ಲಾಕ್ ತೆರೆದು, ಅಷ್ಟರೊಳಗೆ ಅಕ್ಕಿ ತೆಗೆದುಕೊಳ್ಳಬೇಕು. ನೆಟ್‌ವರ್ಕ್ ಸಿಗಲು ಬೇವಿನ ಮರದ ಕಟ್ಟೆ ಹತ್ತಬೇಕಾದ ಊರುಗಳಲ್ಲಿ ಈ ಸಲಹೆ ಕೊಡುವವರು ಒಂದು ತಿಂಗಳು ರೇಷನ್ ತೆಗೆದುಕೊಂಡು ತೋರಿಸಲಿ. ಅಕ್ಕಿ ಬೇಕಿದ್ದರೆ ಬೆರಳು ತೆರೆದಿರಬೇಕು, ದುಡ್ಡು ಉಳಿಯಬೇಕಿದ್ದರೆ ಬೆರಳು ಮುಚ್ಚಿರಬೇಕು. ಬಡವರು ಎರಡರಲ್ಲಿ ಯಾವುದನ್ನು ಆರಿಸಿಕೊಳ್ಳುತ್ತಾರೆ ಎಂಬುದನ್ನು ಬಿಡಿಸಿ ಹೇಳಬೇಕಿಲ್ಲ.

ನಮ್ಮ ತಾಲೂಕಿನ ಒಂದು ಸಂಗತಿ ಹೇಳುತ್ತೇವೆ. ಹೆಸರು, ಊರು, ಬ್ಯಾಂಕು ಬೇಡ. ಗೃಹಲಕ್ಷ್ಮಿಯ ಮೂರು ಕಂತು ಮುಟ್ಟದೆ ಕೂಡಿಟ್ಟಿದ್ದ ಹೆಂಗಸು, ಮಗಳ ಕಾಲೇಜು ಶುಲ್ಕಕ್ಕೆ. ಪಾಸ್‌ಬುಕ್‌ಗೆ ಎಂಟ್ರಿ ಹಾಕಿಸಿದ ದಿನ ಆರು ಸಾವಿರವೂ ಇರಲಿಲ್ಲ. ಮೆಸೇಜ್ ಬಂದಿರಲಿಲ್ಲ. ಶಾಖೆಯಲ್ಲಿ ಹೇಳಿದ್ದು: ‘ನಿಮ್ಮದೇ ಬೆರಳು ಬಿದ್ದಿದೆಯಲ್ಲಮ್ಮ, ನಾವೇನು ಮಾಡೋಣ, ಪೊಲೀಸರ ಹತ್ತಿರ ಹೋಗಿ.’ ಊರಿನ ಠಾಣೆಯಲ್ಲಿ ಹೇಳಿದ್ದು: ‘ಇದು ಸೈಬರ್, ಜಿಲ್ಲಾ ಕೇಂದ್ರದ ಸೆನ್ ಠಾಣೆಗೆ ಹೋಗಿ.’ ಅಲ್ಲಿ ಅರ್ಜಿ ಪಡೆದು ‘ಬ್ಯಾಂಕಿನಿಂದ ಸ್ಟೇಟ್‌ಮೆಂಟ್ ತನ್ನಿ’ ಎಂದರು. ಬಸ್ಸಿನ ಟಿಕೆಟ್ ಶಕ್ತಿ ಯೋಜನೆಯಲ್ಲಿ ಉಳಿಯಿತು ಸರಿ, ಕಳೆದುಹೋದ ನಾಲ್ಕು ದಿನದ ಕೂಲಿ ಯಾವ ಯೋಜನೆಯಲ್ಲಿ ಬರುತ್ತದೆ?

ಆ ಶಾಖೆಯಲ್ಲಿ ಹೇಳಿದ ಮಾತು ಬರೀ ಒರಟಲ್ಲ, ನಿಯಮಕ್ಕೇ ವಿರುದ್ಧ. ರಿಸರ್ವ್ ಬ್ಯಾಂಕ್ 2017ರ ಜುಲೈ 6ರಂದು ಹೊರಡಿಸಿದ ಸುತ್ತೋಲೆ ಇದೆ. ಗ್ರಾಹಕರ ತಪ್ಪಿಲ್ಲದೆ, ಬ್ಯಾಂಕಿನದೂ ಅಲ್ಲದ ಮೂರನೆಯವರ ಕೈವಾಡದಿಂದ ಹಣ ಹೋದರೆ, ಬ್ಯಾಂಕಿನಿಂದ ಆ ವಹಿವಾಟಿನ ಮಾಹಿತಿ ಬಂದ ಮೂರು ಕೆಲಸದ ದಿನದೊಳಗೆ ತಿಳಿಸಿದರೆ ಗ್ರಾಹಕರ ಹೊಣೆ ಸೊನ್ನೆ. ತಿಳಿಸಿದ ಹತ್ತು ಕೆಲಸದ ದಿನದೊಳಗೆ ಬ್ಯಾಂಕ್ ಆ ಮೊತ್ತವನ್ನು ಖಾತೆಗೆ ತಾತ್ಕಾಲಿಕವಾಗಿ ಜಮಾ ಮಾಡಬೇಕು. ತೊಂಬತ್ತು ದಿನದೊಳಗೆ ದೂರು ಇತ್ಯರ್ಥವಾಗಬೇಕು. ಎಲ್ಲಕ್ಕಿಂತ ದೊಡ್ಡದು, ತಪ್ಪು ಗ್ರಾಹಕರದು ಎಂದು ಸಾಬೀತು ಮಾಡುವ ಹೊಣೆ ಬ್ಯಾಂಕಿನದು. ಮತ್ತೊಮ್ಮೆ ಓದಿ: ‘ನಾನು ಬೆರಳಿಟ್ಟಿಲ್ಲ’ ಎಂದು ಆ ತಾಯಿ ಸಾಬೀತು ಮಾಡಬೇಕಿಲ್ಲ, ‘ಇಟ್ಟಿದ್ದಾಳೆ’ ಎಂದು ಬ್ಯಾಂಕ್ ಸಾಬೀತು ಮಾಡಬೇಕು. ಮೆಸೇಜನ್ನೇ ಕಳಿಸದ ಬ್ಯಾಂಕ್ ‘ಮೂರು ದಿನ ದಾಟಿತು’ ಎನ್ನುವುದು ಯಾವ ನ್ಯಾಯ? ಸಹಕಾರಿ ಬ್ಯಾಂಕ್‌ಗಳಿಗೂ ಅದೇ ವರ್ಷದ ಡಿಸೆಂಬರ್‌ನಲ್ಲಿ ಇಂಥದೇ ಸುತ್ತೋಲೆ ಹೋಗಿದೆ. ಇಷ್ಟು ವರ್ಷದಲ್ಲಿ ನಾವು ಸುದ್ದಿಗಾಗಿ ಹತ್ತಿ ಇಳಿದ ಶಾಖೆಗಳ ಗೋಡೆಯಲ್ಲಿ ಚಿನ್ನದ ಸಾಲದ ಪೋಸ್ಟರ್ ಕಂಡಿದ್ದೇವೆ, ವಿಮೆಯ ಪೋಸ್ಟರ್ ಕಂಡಿದ್ದೇವೆ. ಈ ಸುತ್ತೋಲೆಯ ಕನ್ನಡ ಪ್ರತಿಯನ್ನು ಒಂದೇ ಒಂದು ಕಡೆ ಕಂಡಿಲ್ಲ.

ಪೊಲೀಸರದೂ ಒಂದು ಮಾತು. ಮಾಹಿತಿ ತಂತ್ರಜ್ಞಾನ ಕಾಯ್ದೆಯ ಪ್ರಕಾರ ಸೈಬರ್ ಅಪರಾಧದ ತನಿಖೆಯನ್ನು ಇನ್‌ಸ್ಪೆಕ್ಟರ್ ದರ್ಜೆಗೆ ಕಡಿಮೆ ಇಲ್ಲದ ಅಧಿಕಾರಿ ಮಾಡಬೇಕು. ಅದು ತನಿಖೆಗೆ ಇರುವ ಷರತ್ತು, ದೂರು ಪಡೆಯುವುದಕ್ಕಲ್ಲ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ ಪ್ರಕಾರ ಅಪರಾಧ ಎಲ್ಲೇ ನಡೆದಿರಲಿ, ಯಾವುದೇ ಠಾಣೆಯಲ್ಲಿ ದೂರು ದಾಖಲಿಸಬಹುದು. ‘ನಮ್ಮದಲ್ಲ, ಜಿಲ್ಲೆಗೆ ಹೋಗಿ’ ಎಂದು ಕಳಿಸುವುದಕ್ಕೆ ಆಧಾರವಿಲ್ಲ.

ಇನ್ನು ರಾಜಕೀಯ. ನೇರ ನಗದು ವರ್ಗಾವಣೆಯ ಕೀರ್ತಿಗೆ ಎಲ್ಲ ಪಕ್ಷದವರೂ ಕಿತ್ತಾಡುತ್ತಾರೆ. ದಿಲ್ಲಿಯವರು ಕಿಸಾನ್ ಸಮ್ಮಾನ್ ಕಂತು ಬಿಟ್ಟೆವು ಎನ್ನುತ್ತಾರೆ, ಬೆಂಗಳೂರಿನವರು ಗೃಹಲಕ್ಷ್ಮಿ ಹಾಕಿದೆವು ಎನ್ನುತ್ತಾರೆ. ಬಟನ್ ಒತ್ತುವ ಫೋಟೊ ಇಬ್ಬರಿಗೂ ಬೇಕು. ‘ಮಧ್ಯವರ್ತಿ ಇಲ್ಲದೆ ನೇರ ಖಾತೆಗೆ’ ಎಂಬ ಘೋಷಣೆ ಇಬ್ಬರದೂ. ಖಾತೆಗೆ ಬಿದ್ದ ದುಡ್ಡು ಖಾತೆಯಿಂದ ಎದ್ದುಹೋದಾಗ ಮಾತ್ರ ಅದು ‘ವೈಯಕ್ತಿಕ ಎಚ್ಚರಿಕೆಯ ವಿಷಯ’ ಆಗಿಬಿಡುತ್ತದೆ.

ಸಿನಿಮಾ, ಜಾಹೀರಾತುಗಳೂ ಇದೇ ದಾರಿ ಹಿಡಿದಿವೆ. ಕೆಲವು ತಿಂಗಳು ಯಾರಿಗೆ ಫೋನ್ ಮಾಡಿದರೂ ಮೊದಲು ಸೈಬರ್ ವಂಚನೆಯ ಉಪದೇಶ ಕೇಳಬೇಕಿತ್ತು, ಅಮಿತಾಭ್ ಬಚ್ಚನ್ ದನಿಯಲ್ಲಿ. ಹೆರಿಗೆ ನೋವಿಗೆ ಆಂಬುಲೆನ್ಸ್ ಡ್ರೈವರ್‌ಗೆ ಫೋನ್ ಹಚ್ಚಿದವರೂ ಕಾಯಬೇಕಿತ್ತು. 2020ರಲ್ಲಿ ನೆಟ್‌ಫ್ಲಿಕ್ಸ್‌ನಲ್ಲಿ ‘ಜಾಮ್‌ತಾರಾ’ ಬಂತು. ಜಾರ್ಖಂಡದ ಹುಡುಗರು ಹೇಗೆ ಫೋನ್ ಮಾಡಿ ದುಡ್ಡು ಹೊಡೆಯುತ್ತಾರೆ ಎಂಬ ಕತೆ. ಕಳ್ಳರಿಗೆ ಮುಖವಿದೆ, ಹಸಿವಿದೆ, ಜಾತಿಯಿದೆ, ಪ್ರೇಮವಿದೆ. ದುಡ್ಡು ಕಳೆದುಕೊಂಡವರು ಬಹುತೇಕ ಫೋನಿನ ಆಚೆಯ ದನಿ ಮಾತ್ರ. ಪತ್ರಿಕೆಗಳ ಶೀರ್ಷಿಕೆಯಲ್ಲೂ ಅದೇ ವ್ಯಾಕರಣ: ‘ಆಸೆಗೆ ಬಿದ್ದು ಹಣ ಕಳೆದುಕೊಂಡ ಮಹಿಳೆ’. ಬ್ಯಾಂಕು ಆ ವಾಕ್ಯದಲ್ಲಿ ಕರ್ತೃವೂ ಅಲ್ಲ, ಕರ್ಮವೂ ಅಲ್ಲ, ನಾಪತ್ತೆ. ದರೋಡೆಯಾದರೆ ‘ಬೀಗ ಸರಿ ಹಾಕದ ಮಾಲೀಕ’ ಎಂದು ಯಾವ ಡೆಸ್ಕೂ ಶೀರ್ಷಿಕೆ ಕೊಡುವುದಿಲ್ಲವಲ್ಲ.

‘ಡಿಜಿಟಲ್ ಅರೆಸ್ಟ್’ ವಿಷಯದಲ್ಲಿ ದೇಶ ಎದ್ದು ಕೂತಿತು, ಸರಿಯೇ. ಕಾನೂನಿನಲ್ಲಿ ಅಂಥದ್ದೊಂದು ಇಲ್ಲವೇ ಇಲ್ಲ ಎಂದು 2024ರ ಅಕ್ಟೋಬರ್ 27ರ ಮನ್ ಕಿ ಬಾತ್‌ನಲ್ಲಿ ಪ್ರಧಾನಿಯೇ ಹೇಳಿದರು. 2025ರಲ್ಲಿ ಸುಪ್ರೀಂ ಕೋರ್ಟ್ ಸ್ವಯಂಪ್ರೇರಿತವಾಗಿ ಪ್ರಕರಣ ಕೈಗೆತ್ತಿಕೊಂಡಿತು. ಅದರಲ್ಲಿ ಕೋಟಿ ಕಳೆದುಕೊಂಡವರ ಸಂಕಟ ನಿಜವಾದದ್ದು. ಆದರೆ ಎರಡು ಸಾವಿರ, ಆರು ಸಾವಿರ ಕಳೆದುಕೊಂಡವರ ಸುದ್ದಿ ಒಳಪುಟದ ಒಂದು ಪ್ಯಾರಾಕ್ಕೂ ಏರುವುದಿಲ್ಲ. ನಿವೃತ್ತ ಅಧಿಕಾರಿಯ ಠೇವಣಿಗೆ ಆ ಕೋಟಿ ಎಷ್ಟೋ, ಕೂಲಿ ಮಾಡುವವರ ಮನೆಗೆ ಈ ಆರು ಸಾವಿರವೂ ಅಷ್ಟೇ.

ಮೊತ್ತದ ಲೆಕ್ಕವೇ ಬೇಕೆಂದರೆ ಅದೂ ಇದೆ. ಕೇಂದ್ರ ಗೃಹ ಸಚಿವಾಲಯ ಸಂಸತ್ತಿಗೆ ಕೊಟ್ಟ ಉತ್ತರದ ಪ್ರಕಾರ ಸೈಬರ್ ವಂಚನೆಯಲ್ಲಿ ದೇಶದ ಜನ 2023ರಲ್ಲಿ ಕಳೆದುಕೊಂಡದ್ದು 7,465 ಕೋಟಿ ರೂಪಾಯಿ, 2024ರಲ್ಲಿ 22,845 ಕೋಟಿ. ಒಂದೇ ವರ್ಷದಲ್ಲಿ ಮೂರು ಪಟ್ಟು. ದೇಶದ ಜನರೆಲ್ಲ ಒಂದೇ ವರ್ಷದಲ್ಲಿ ಮೂರು ಪಟ್ಟು ದಡ್ಡರಾದರೇ? ಇಲ್ಲವಲ್ಲ. ಹಾಗಾದರೆ ದೋಷ ಜನರ ತಲೆಯಲ್ಲಿಲ್ಲ, ಕಟ್ಟಿದ ವ್ಯವಸ್ಥೆಯಲ್ಲಿದೆ.

ಕಾನೂನು ಬಂದಿದೆಯಲ್ಲ ಎನ್ನುವವರಿದ್ದಾರೆ. ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ 2023ರಲ್ಲಿ ಬಂತು. ಮಾಹಿತಿ ಕಾಪಾಡದ ಸಂಸ್ಥೆಗೆ 250 ಕೋಟಿವರೆಗೆ ದಂಡವಂತೆ. ಆ ದಂಡ ಯಾರಿಗೆ ಹೋಗುತ್ತದೆ ಗೊತ್ತೇ? ಭಾರತ ಸರ್ಕಾರದ ಸಂಚಿತ ನಿಧಿಗೆ. ಬೆರಳಚ್ಚು ಕಳೆದುಕೊಂಡವರಿಗೆ ನಯಾಪೈಸೆ ಪರಿಹಾರ ಆ ಕಾಯ್ದೆಯಲ್ಲಿಲ್ಲ. ಬದಲಿಗೆ, ಮಾಹಿತಿ ತಂತ್ರಜ್ಞಾನ ಕಾಯ್ದೆಯಲ್ಲಿ ಪರಿಹಾರ ಕೇಳಲು ಇದ್ದ 43ಎ ಕಲಮನ್ನು ತೆಗೆದುಹಾಕಲು ಈ ಕಾಯ್ದೆ ಅವಕಾಶ ಮಾಡಿದೆ. ಜೊತೆಗೆ ಮಾಹಿತಿ ಹಕ್ಕು ಕಾಯ್ದೆಯ 8(1)(ಜೆ)ಗೂ ಕತ್ತರಿ ಹಾಕಿದೆ. ಕಳ್ಳರಿಗೆ ನಮ್ಮ ಮಾಹಿತಿ ಸಿಗುತ್ತಲೇ ಇರುತ್ತದೆ, ಪತ್ರಕರ್ತರಿಗೆ ಕಚೇರಿಯ ಮಾಹಿತಿ ಸಿಗುವುದು ಕಷ್ಟವಾಗುತ್ತದೆ.

ಏನೂ ಆಗಿಲ್ಲ ಎಂದು ನಾವು ಹೇಳುವುದಿಲ್ಲ. ಎಇಪಿಎಸ್ ಯಂತ್ರ ಇಟ್ಟುಕೊಂಡವರ ಪರಿಶೀಲನೆ ಕಟ್ಟುನಿಟ್ಟಾಗಬೇಕು, ಮೂರು ತಿಂಗಳು ವಹಿವಾಟು ಮಾಡದವರನ್ನು ಮತ್ತೆ ಪರಿಶೀಲಿಸಿಯೇ ಬಿಡಬೇಕು ಎಂದು ರಿಸರ್ವ್ ಬ್ಯಾಂಕ್ 2025ರ ಜೂನ್‌ನಲ್ಲಿ ಸೂಚಿಸಿದೆ, 2026ರ ಜನವರಿ 1ರಿಂದ ಅನ್ವಯ. ಒಳ್ಳೆಯದು. ಆದರೆ ಇದು ಯಂತ್ರದ ಕಡೆಯ ಕಾವಲು. ಖಾತೆಯ ಕಡೆಯ ಬಾಗಿಲು ಇನ್ನೂ ಬಾಯಿ ತೆರೆದೇ ಇದೆ.

ನಮ್ಮ ಬೇಡಿಕೆಗಳು ದೊಡ್ಡವಲ್ಲ. ಎಇಪಿಎಸ್ ಎಲ್ಲ ಖಾತೆಯಲ್ಲೂ ಮೊದಲಿಗೆ ಮುಚ್ಚಿರಲಿ. ಬೇಕಾದವರು ಶಾಖೆಯಲ್ಲಿ ಅಥವಾ ಬ್ಯಾಂಕ್ ಮಿತ್ರನ ಬಳಿ ಒಪ್ಪಿಗೆ ಕೊಟ್ಟು ತೆರೆಸಿಕೊಳ್ಳಲಿ, ತಮಗೆ ಬೇಕಾದಷ್ಟು ಮಿತಿ ಇಟ್ಟುಕೊಳ್ಳಲಿ. ರೇಷನ್‌ಗೆ ಬೆರಳು ತೆರೆದಿಟ್ಟು ಬ್ಯಾಂಕಿಗೆ ಮುಚ್ಚಿಡುವ ಅವಕಾಶ ಕೊಡಲಿ. ಕಾವೇರಿಯಲ್ಲಿ ಬೆರಳಚ್ಚು ಬಹಿರಂಗವಾಗಿದ್ದವರಿಗೆಲ್ಲ ನೋಂದಣಿ ಇಲಾಖೆ ಕನ್ನಡದಲ್ಲಿ ಪತ್ರ ಬರೆದು ತಿಳಿಸಲಿ. 2017ರ ಸುತ್ತೋಲೆ ಪ್ರತಿ ಶಾಖೆಯ ಗೋಡೆ ಮೇಲೆ, ಕಣ್ಣಿಗೆ ಕಾಣುವ ಅಕ್ಷರದಲ್ಲಿ ಬರಲಿ.

ದುಡ್ಡು ಕಳೆದುಕೊಂಡವರಿಗೆ ಇವತ್ತೇ ಉಪಯೋಗಕ್ಕೆ ಬರುವಂಥದ್ದು: ಕೂಡಲೇ 1930ಕ್ಕೆ ಕರೆ ಮಾಡಿ. ಬ್ಯಾಂಕಿಗೆ ಬಾಯಿಮಾತಿನಲ್ಲಿ ಹೇಳಿ ಬರಬೇಡಿ, ಲಿಖಿತ ದೂರು ಕೊಟ್ಟು ಸೀಲ್ ಹಾಕಿಸಿದ ಪ್ರತಿ ಪಡೆಯಿರಿ, ಅದರಲ್ಲಿ 2017ರ ಸುತ್ತೋಲೆಯನ್ನು ನಮೂದಿಸಿ. ಮೂವತ್ತು ದಿನದಲ್ಲಿ ಉತ್ತರ ಬಾರದಿದ್ದರೆ, ಬಂದ ಉತ್ತರ ಸರಿ ಇಲ್ಲದಿದ್ದರೆ, ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ ಹೋಗಬಹುದು, ಶುಲ್ಕವಿಲ್ಲ. ವಿಚಾರಿಸಲು 14448.

ಜಿಲ್ಲೆ ಜಿಲ್ಲೆಗಳಲ್ಲಿ ಕೂತು ಇದನ್ನು ಓದುತ್ತಿರುವ ನಮ್ಮ ಸ್ಟ್ರಿಂಜರ್ ಗೆಳೆಯರಿಗೆ ಒಂದು ಮಾತು. ಮುಂದಿನ ಲೀಡ್ ಬ್ಯಾಂಕ್ ಸಭೆಗೆ ಹೋದಾಗ ಸಾಲ ಠೇವಣಿ ಅನುಪಾತ ಬರೆದುಕೊಂಡು, ಬಿಸ್ಕತ್ತು ಚಹಾ ಮುಗಿಸಿ ಎದ್ದು ಬರಬೇಡಿ. ಎರಡೇ ಪ್ರಶ್ನೆ ಕೇಳಿ: ಕಳೆದ ವರ್ಷ ಈ ಜಿಲ್ಲೆಯಲ್ಲಿ ಬೆರಳಚ್ಚು ವಂಚನೆಯ ಎಷ್ಟು ದೂರು ಬ್ಯಾಂಕ್‌ಗಳಿಗೆ ಬಂದವು? ಅವುಗಳಲ್ಲಿ ಎಷ್ಟಕ್ಕೆ ಹತ್ತು ದಿನದಲ್ಲಿ ಹಣ ಮರಳಿ ಜಮಾ ಆಯಿತು? ಉತ್ತರ ಕೊಡದಿದ್ದರೆ ಸರ್ಕಾರಿ ಸ್ವಾಮ್ಯದ ಬ್ಯಾಂಕ್‌ಗಳಿಗೆ ಹತ್ತು ರೂಪಾಯಿಯ ಮಾಹಿತಿ ಹಕ್ಕು ಅರ್ಜಿ ಹಾಕೋಣ. ಬಂದ ಉತ್ತರಗಳನ್ನು ಜಿಲ್ಲಾವಾರು ಇಲ್ಲೇ ಪ್ರಕಟಿಸೋಣ. ಆಮೇಲೆ ಯಾರು ಎಚ್ಚರವಾಗಿರಬೇಕು ಎಂಬುದನ್ನು ಜನರೇ ತೀರ್ಮಾನಿಸಲಿ.