ಜೋತುಬಿದ್ದ ಹಗ್ಗ

ಏಪ್ರಿಲ್ ಬಂತೆಂದರೆ ನಮ್ಮ ಪೀತಮ್‌ಪುರದ ಬಾಲ್ಕನಿಗಳಿಗೆ ಚಿಕ್ ಎಂಬ ಬಿದಿರಿನ ಪರದೆ ಇಳಿಯುತ್ತದೆ. ಪಡುವಣ ಬಿಸಿಲು ನೇರ ಹೊಡೆಯುವ ಮನೆಗಳಲ್ಲಿ ಅದಿಲ್ಲದೆ ಮಧ್ಯಾಹ್ನ ಕಳೆಯುವುದು ಕಷ್ಟ. ಚಿಕ್ ಬೇಡವೆಂದು ನಾನು ಹೇಳುತ್ತಿಲ್ಲ. ಅದನ್ನು ಸುತ್ತಿ ಮೇಲೆತ್ತುವ ಹಗ್ಗವನ್ನು ನಾವು ಬಿಟ್ಟಿರುವ ರೀತಿ ನೋಡಿದರೆ ಸಿಟ್ಟು ಬರುತ್ತದೆ.

ಹಗ್ಗದ ಎರಡು ಎಳೆ ನೆಲದವರೆಗೆ ಜೋತುಬಿದ್ದಿರುತ್ತವೆ. ಒಂದು ಎಳೆ ಮೇಲಕ್ಕೆ ಓಡಿಹೋಗಬಾರದೆಂದು ಎರಡೂ ತುದಿ ಸೇರಿಸಿ ಗಂಟು ಹಾಕಿರುತ್ತೇವೆ. ಅಲ್ಲಿಗೆ ಕುಣಿಕೆ ಸಿದ್ಧವಾಯಿತು. ಅದರ ಪಕ್ಕದಲ್ಲೇ, ಗಾಳಿ ಬರಲೆಂದು, ಮಗುವಿನ ಮಂಚ.

ಕೇಳಿದರೆ ಸಿಗುವ ಉತ್ತರ ಒಂದೇ: ‘ಏನೂ ಆಗಲ್ಲ ಬಿಡಿ, ನಾವು ಇಲ್ಲೇ ಇರ್ತೀವಲ್ಲ.’

ಇಲ್ಲೇ ಇದ್ದರೆ ಸಾಲದು. ಅಂಬೆಗಾಲಿಡುವ ಮಗುವಿನ ತಲೆ ಮೈಯ ಅಳತೆಗೆ ಹೋಲಿಸಿದರೆ ಭಾರ, ಉಸಿರುನಾಳ ಮೆತ್ತಗೆ. ಕುಣಿಕೆಗೆ ಕತ್ತು ಸಿಕ್ಕಿ ಕಾಲು ಜಾರಿದರೆ ಮಗುವಿನ ಸ್ವಂತ ತೂಕವೇ ಉಸಿರು ಕಟ್ಟಿಸುತ್ತದೆ. ಉಸಿರು ಕಟ್ಟಿದ ಮಗು ಕೂಗಲಾರದು. ಒಂದು ನಿಮಿಷವೂ ಬೇಕಿಲ್ಲ. ಅಡುಗೆಮನೆಯಲ್ಲಿ ಒಗ್ಗರಣೆ ಹಾಕುತ್ತಿರುವ ತಾಯಿಗೆ ಏನೂ ಕೇಳಿಸುವುದಿಲ್ಲ. ಅಮೆರಿಕದ ಗ್ರಾಹಕ ಉತ್ಪನ್ನ ಸುರಕ್ಷತಾ ಆಯೋಗ ಹೇಳುವಂತೆ, ಅಲ್ಲಿ ಐದು ವರ್ಷದೊಳಗಿನ ಸುಮಾರು 9 ಮಕ್ಕಳು ಪ್ರತಿ ವರ್ಷ ಕಿಟಕಿ ಪರದೆಯ ಹಗ್ಗಕ್ಕೆ ಸಿಕ್ಕಿ ಸಾಯುತ್ತಾರೆ. ಹಾಗಾಗಿಯೇ 2018ರ ಡಿಸೆಂಬರ್‌ನಿಂದ ಅಲ್ಲಿ ಅಂಗಡಿಯ ಸಿದ್ಧ ಪರದೆಗಳಿಗೆ ಕೈಗೆಟುಕುವಂತೆ ಉದ್ದ ಹಗ್ಗ ಬಿಡುವುದು ನಿಂತಿತು. ಯುರೋಪಿನ 2014ರ ಮಾನದಂಡದ ಪ್ರಕಾರ ಹಗ್ಗ ಹಿಡಿದಿಡುವ ಸಾಧನ ನೆಲದಿಂದ ಒಂದೂವರೆ ಮೀಟರ್ ಮೇಲಿರಬೇಕು.

ಹಲವು ಹಾಯಿದೋಣಿಗಳಲ್ಲಿ ಮುಂದಿನ ಹಾಯಿಯನ್ನೂ ಚಿಕ್‌ನಂತೆಯೇ ಹಗ್ಗ ಎಳೆದು ಸುತ್ತುತ್ತಾರೆ. ಅಲ್ಲಿ ಆ ಹಗ್ಗ ಅಂಚಿನ ಗುಂಟ ಹಿಂದಕ್ಕೆ ಬಂದು ಕೊಕ್ಕೆಗೆ ಬಿಗಿಯಾಗುತ್ತದೆ, ಉಳಿದ ತುದಿ ಸುರುಳಿಯಾಗುತ್ತದೆ. ಸಡಿಲ ಹಗ್ಗ ಕಾಲಿಗೆ ಸಿಕ್ಕೀತೆಂಬ ಎಚ್ಚರ ನಾವಿಕರಿಗಿದೆ. ಕೂಸಿರುವ ಮನೆಯಲ್ಲಿ ನಮಗಿಲ್ಲ.

ಪರದೆ ಕೂರಿಸುವವನ ಆತುರ ಬೇರೆ. ರೋಲರ್ ಪರದೆಯ ಮಣಿಸರವನ್ನು ಗೋಡೆಗೆ ಹಿಡಿದಿಡುವ ಪ್ಲಾಸ್ಟಿಕ್ ತುಂಡು ಪೊಟ್ಟಣದಲ್ಲೇ ಉಳಿದುಹೋಗುತ್ತದೆ. ಆತ ಕೊರೆಯುವುದಿಲ್ಲ, ನಾವು ಕೇಳುವುದಿಲ್ಲ. ಬಾಡಿಗೆ ಮನೆ, ಗೋಡೆಗೆ ತೂತು ಬೇಡ ಎನ್ನುತ್ತೇವೆ. ಎರಡು ತೂತಿನ ಗಾರೆ ಮಗುವಿಗಿಂತ ಹೆಚ್ಚೇ? ‘ನಮ್ಮನೇಲಿ ಚಿಕ್ಕವರಿಲ್ಲ’ ಎನ್ನುವವರ ಮನೆಗೆ ರಜೆಯಲ್ಲಿ ಮೊಮ್ಮಕ್ಕಳು ಬರುತ್ತಾರೆ, ಕೆಲಸದವಳು ತನ್ನ ಪುಟ್ಟ ಮಗುವನ್ನು ಕರೆದುಕೊಂಡು ಬರುತ್ತಾಳೆ. ಆ ಮಕ್ಕಳೂ ಲೆಕ್ಕಕ್ಕೆ ಬರಬೇಕು.

ಮಾಡಬೇಕಾದ್ದು ಅರ್ಧ ಗಂಟೆಯ ಕೆಲಸ. ತುದಿಗಳ ಗಂಟು ಕತ್ತರಿಸಿ, ಎರಡೂ ಎಳೆ ಬೇರೆಬೇರೆಯಾಗಲಿ. ಎರಡು ಕೊಂಬಿನ ಕೊಕ್ಕೆಯೊಂದನ್ನು ದೊಡ್ಡವರ ಭುಜದೆತ್ತರಕ್ಕಿಂತ ಮೇಲೆ ಗಟ್ಟಿಯಾಗಿ ಕೂರಿಸಿ, ಚಿಕ್ ಏರಿಸಿದಾಗಲೆಲ್ಲ ಹಗ್ಗವನ್ನು ಅದಕ್ಕೆ ಎಂಟರ ಆಕಾರದಲ್ಲಿ ಪೂರ್ತಿ ಸುತ್ತಿ. ಚಿಕ್ ಇಳಿಸಿದಾಗಲೂ ಮಿಕ್ಕ ಹಗ್ಗ ಕೆಳಗೆ ತೂಗಾಡಬಾರದು. ಮಣಿಸರವಿದ್ದರೆ ಬಿಗಿಹಿಡಿಯುವ ತುಂಡನ್ನು ಗೋಡೆ ಕೊರೆಸಿ ಕೂರಿಸಲೇಬೇಕು. ಚಿಕ್‌ನ ಹಿಂಬದಿಯ ಹಗ್ಗವನ್ನೂ ನೋಡಿ, ಕಡ್ಡಿಗಳ ನಡುವಿನಿಂದ ಎಳೆದರೆ ಅಲ್ಲೂ ಕುಣಿಕೆಯಾಗುತ್ತದೆ. ಹೊಸದು ಕೊಳ್ಳುವವರು ಹಗ್ಗವೇ ಇಲ್ಲದ್ದನ್ನು ಕೇಳಿ.

ಮಂಚ, ಕುರ್ಚಿ, ಸ್ಟೂಲು ಯಾವುದೂ ಕಿಟಕಿಯ ಕೆಳಗಿರಬಾರದು. ಹಗ್ಗ ಎಷ್ಟೇ ಮೇಲಿದ್ದರೂ ಹತ್ತಿ ನಿಂತ ಮಗುವಿಗೆ ಎಟುಕುತ್ತದೆ.

ಇದನ್ನು ಓದುತ್ತಿರುವ ನಿಮ್ಮ ಮನೆಯಲ್ಲಿ ಅಂಥ ಹಗ್ಗವಿದ್ದರೆ ಭಾನುವಾರಕ್ಕೆ ಕಾಯಬೇಡಿ. ಈಗಲೇ ಎದ್ದು ಗಂಟು ಕತ್ತರಿಸಿ, ಮಂಚ ಸರಿಸಿ.