ಒಬ್ಬರೇ ಹೊರಡುವ ಧೈರ್ಯ

ಹತ್ತನೆಯ ತರಗತಿ ಮುಗಿಸಿದ ಮಕ್ಕಳನ್ನು ಅಕ್ಕಲಕೋಟೆಯಿಂದ ಕಲಬುರಗಿಗೆ ಒಬ್ಬರನ್ನೇ ಕಳುಹಿಸಲು ಹೆತ್ತವರು ಅಳುಕುತ್ತಾರೆ. ಅಳುಕು ಸಹಜವೇ. ಆದರೆ ಏಕಾಂಗಿ ಪಯಣ ಕಲಿಸುವ ಪಾಠ ಬೇರಾವ ಶಾಲೆಯಲ್ಲಿಯೂ ದೊರೆಯದು.

1891ರ ಆರಂಭದಲ್ಲಿ ಸ್ವಾಮಿ ವಿವೇಕಾನಂದರು ಗುರುಬಂಧುಗಳನ್ನು ಬಿಟ್ಟು ಒಬ್ಬರೇ ಹೊರಟರು. ಜೊತೆಗಾರರಿಲ್ಲದವನಿಗೆ ಅಪರಿಚಿತರೇ ಆಪ್ತರಾಗಬೇಕು. ಅಬು ಪರ್ವತದ ಗುಹೆಯಲ್ಲಿದ್ದ ಅವರನ್ನು ಮುಸಲ್ಮಾನ ವಕೀಲರೊಬ್ಬರು ಮನೆಗೆ ಕರೆದರು. ಸ್ವಾಮೀಜಿ ಹಿಂಜರಿಯದೆ ಹೋದರು. ಆ ಮನೆಯಲ್ಲಾದ ಪರಿಚಯವೇ ಅವರನ್ನು ಖೇತ್ರಿಯ ರಾಜ ಅಜಿತ್ ಸಿಂಗರ ಬಳಿಗೆ ಒಯ್ದಿತು. 1893ರ ಅಮೆರಿಕ ಪ್ರಯಾಣಕ್ಕೆ ನೆರವಾದವರಲ್ಲಿ ಆ ರಾಜರೂ ಒಬ್ಬರು. 1892ರ ಅಕ್ಟೋಬರಿನಲ್ಲಿ ಬೆಳಗಾವಿಗೆ ಬಂದಾಗ ಆಶ್ರಯವಿತ್ತವರು ಮರಾಠಿ ಮನೆಮಾತಿನ ವಕೀಲರಾದ ಭಾಟೆಯವರು. ದೇವರಲ್ಲಿಟ್ಟ ನಂಬಿಕೆ ಹೀಗೆ ಮನುಷ್ಯರಲ್ಲಿಡುವ ನಂಬಿಕೆಯಾಗಿ ಫಲಿಸಿತು.

ಮನೆಯಲ್ಲಿ ಕನ್ನಡ, ಪೇಟೆಯಲ್ಲಿ ಮರಾಠಿ, ರೈಲಿನಲ್ಲಿ ಹಿಂದಿ ಆಡಬಲ್ಲ ನಮ್ಮ ಮಕ್ಕಳಿಗೆ ದಾರಿ ಕೇಳುವ ಬಂಡವಾಳ ಆಗಲೇ ಇದೆ. ದೇಶದಾದ್ಯಂತ ಸಂಚರಿಸುವ ಹಕ್ಕನ್ನು ಸಂವಿಧಾನದ 19ನೆಯ ವಿಧಿ ಮಗನಿಗೂ ಮಗಳಿಗೂ ಸಮನಾಗಿ ನೀಡಿದೆ. ಆ ಹಕ್ಕನ್ನು ಬಳಸುವ ಧೈರ್ಯವನ್ನು ಮಾತ್ರ ಮನೆಯೇ ಕೊಡಬೇಕು.

ಎಚ್ಚರಿಕೆಯೂ ಇರಲಿ. ಮೊದಲ ಪಯಣ ಹಗಲಿನದಾಗಿರಲಿ, ಹತ್ತಿರದ ಊರಿಗಿರಲಿ. ಟಿಕೆಟ್ಟು, ಗುರುತಿನ ಚೀಟಿ ಕೈಯಲ್ಲಿರಲಿ. ರೈಲ್ವೆ ಸಹಾಯವಾಣಿ 139, ತುರ್ತು ಸೇವೆಯ 112 ಬಾಯಿಪಾಠವಾಗಿರಲಿ. ಮುಂದಿನದನ್ನು ದಾರಿಯೇ ಕಲಿಸುತ್ತದೆ. ತಾನಾಗಿ ದಾರಿ ಕೇಳಿ ಊರು ಮುಟ್ಟಿದ ಮಗು, ನಾಳೆ ಕಾಲೇಜಿನ ಬಾಗಿಲಲ್ಲಿ ತಲೆ ತಗ್ಗಿಸಿ ನಿಲ್ಲುವುದಿಲ್ಲ.