ದಾರ ಕಿತ್ತ ಹೂಮಾಲೆ



ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆಯವರಿಗೆ ತೆಂಗಿನ ಸುಳಿ ಕೊರೆಯುವ ಕೊಂಬಿನ ದುಂಬಿಯನ್ನು ಪರಿಚಯಿಸಬೇಕಾಗಿಲ್ಲ. ತಿಪ್ಪೆಯಲ್ಲಿ ಬಿಳಿಯ ಹುಳುವಾಗಿ ಬೆಳೆದು, ರೆಕ್ಕೆ ಬಂದ ಮೇಲೆ ಮರಕ್ಕೆ ಹಾರುತ್ತದೆ. ಅದರ ಬೆನ್ನಿನ ಗಟ್ಟಿ ಚಿಪ್ಪುಗಳೇ ಮುಂದಿನ ಜೋಡಿ ರೆಕ್ಕೆಗಳು. ಹಾರಿಸುವ ತೆಳು ರೆಕ್ಕೆಗಳು ಹಿಂದಿನವು, ಚಿಪ್ಪಿನಡಿ ಮಡಿಸಿಕೊಂಡಿರುತ್ತವೆ. ನೊಣದಲ್ಲಿ ಇದು ತಿರುವುಮುರುವು: ಹಾರಿಸುವುದು ಮುಂದಿನ ಜೋಡಿ; ಹಿಂದಿನದು ಸಮತೋಲ ಕಾಯುವ ಪುಟ್ಟ ಗುಂಡುಕಡ್ಡಿಗಳಾಗಿದೆ.

ಏಕೆ ಹೀಗೆ? ‘ಅದಿರುವುದೇ ಹಾಗೆ, ಬಾಯಿಪಾಠ ಮಾಡು’ ಎಂಬುದು ಉತ್ತರವಲ್ಲ. ಎದೆಯ ಮೂರನೆಯ ಖಂಡದ ರೂಪವನ್ನು ನಿರ್ದೇಶಿಸುವ ಅಲ್ಟ್ರಾಬೈಥೊರ್ಯಾಕ್ಸ್ ಎಂಬ ಜೀನು ನೊಣದಲ್ಲೂ ಇದೆ, ದುಂಬಿಯಲ್ಲೂ ಇದೆ. ಆ ಖಂಡದಲ್ಲಿ ಅದು ಕೆಲಸ ಮಾಡದಿದ್ದರೆ ಹಣ್ಣಿನ ನೊಣಕ್ಕೆ ನಾಲ್ಕು ರೆಕ್ಕೆ ಮೂಡುತ್ತವೆ. ಇಂಥ ಜೀನುಗಳನ್ನು ಕುರಿತ ಸಂಶೋಧನೆಗಾಗಿ ಎಡ್ವರ್ಡ್ ಲೂಯಿಸ್ 1995ರ ನೊಬೆಲ್ ಪಾರಿತೋಷಕವನ್ನು ಹಂಚಿಕೊಂಡರು. ನಮ್ಮ ದೇಶದಲ್ಲೂ ಎಲ್.ಎಸ್. ಶಶಿಧರ ಅವರು ಹೈದರಾಬಾದಿನ ಸಿಸಿಎಂಬಿಯಲ್ಲಿ ಈ ಜೀನನ್ನೇ ಅಭ್ಯಸಿಸಿದರು. ಹಿಟ್ಟಿನ ದುಂಬಿಯಲ್ಲಿ ಅದನ್ನು ತಡೆದಾಗ ಹಿಂದಿನ ತೆಳು ರೆಕ್ಕೆಯೂ ಗಟ್ಟಿ ಚಿಪ್ಪಾಯಿತೆಂದು 2005ರಲ್ಲಿ ಪ್ರಕಟವಾಯಿತು. ಯಜಮಾನ ಒಬ್ಬನೇ, ಮನೆಗೊಂದು ಅಪ್ಪಣೆ! ಹಳೆಯ ಜೀನನ್ನೇ ಹೊಸ ಕೆಲಸಕ್ಕೆ ಹಚ್ಚುತ್ತ ಬಂದ ಈ ಕಥೆಯ ಹೆಸರೇ ಜೀವವಿಕಾಸ.

ಆದರೆ ಎನ್‌ಸಿಇಆರ್‌ಟಿಯು 2023ರ ಹತ್ತನೆಯ ತರಗತಿಯ ವಿಜ್ಞಾನ ಪುಸ್ತಕದಿಂದ ಜೀವವಿಕಾಸವನ್ನು ತೆಗೆದುಹಾಕಿತು. ‘ಅನುವಂಶೀಯತೆ ಮತ್ತು ಜೀವವಿಕಾಸ’ ಎಂಬ ಅಧ್ಯಾಯ ಬರಿಯ ‘ಅನುವಂಶೀಯತೆ’ಯಾಯಿತು. 1800ಕ್ಕೂ ಹೆಚ್ಚು ವಿಜ್ಞಾನಿಗಳು, ಶಿಕ್ಷಕರು ಬಹಿರಂಗ ಪತ್ರ ಬರೆದು ಪ್ರತಿಭಟಿಸಿದರು. ಹೇಳಿದ ಕಾರಣ, ಮಕ್ಕಳ ಹೊರೆ ಇಳಿಸುವುದು. ಮಾಲೆಯಿಂದ ದಾರವನ್ನು ಕಿತ್ತು ‘ಭಾರ ಇಳಿಯಿತು’ ಎಂದರೆ ಒಪ್ಪಬಹುದೆ? ದಾರ ಹೋದರೆ ಹೂಗಳನ್ನು ಒಂದೊಂದಾಗಿ ಆಯ್ದುಕೊಳ್ಳಬೇಕು. ಕಾರ್ಯಕಾರಣ ತಿಳಿಯದ ಮಗುವಿಗೆ ದುಂಬಿ ಬೇರೆ, ನೊಣ ಬೇರೆ, ಬಾಯಿಪಾಠ ಎರಡು.

‘ಹನ್ನೆರಡನೆಯ ತರಗತಿಯಲ್ಲಿದೆಯಲ್ಲ?’ ಎನ್ನುವವರಿದ್ದಾರೆ. ಹತ್ತರ ನಂತರ ವಾಣಿಜ್ಯಕ್ಕೋ ಐಟಿಐಗೋ ತೋಟಕ್ಕೋ ಹೋಗುವ ಮಗುವಿಗೆ ಅದು ಸಿಗುವುದೆಲ್ಲಿ? ನಾಳೆ ಸುಳಿಗೆ ಔಷಧಿ ಹಾಕುವವರು ಅವರೇ ತಾನೆ. ಒಂದೇ ಔಷಧಿಯನ್ನು ಪದೇ ಪದೇ ಬಳಸಿದರೆ ಕೀಟಗಳು ಅದಕ್ಕೆ ಬಗ್ಗದಂತಾಗುವುದೂ ವಿಕಾಸವೇ. ಅಳಿದುಳಿದವುಗಳ ಸಂತತಿಯೇ ಬೆಳೆಯುತ್ತದೆ ಎಂಬುದನ್ನು ಅರಿಯದ ರೈತ ಇನ್ನೊಂದು ಡಬ್ಬಿ ಕೊಳ್ಳುತ್ತಾನೆ, ಅಷ್ಟೆ.

ಪುಸ್ತಕಕ್ಕೆ ಆ ಪಾಠ ಮರಳಲೇಬೇಕು. ಅಲ್ಲಿಯವರೆಗೆ, ಮೇಷ್ಟರಾದವರೇ, ತಂದೆತಾಯಿಗಳಾದವರೇ, ಒಂದು ದುಂಬಿಯನ್ನೂ ಒಂದು ನೊಣವನ್ನೂ ಮಕ್ಕಳ ಮುಂದಿಟ್ಟು ರೆಕ್ಕೆ ಎಣಿಸಲು ಹೇಳಿ. ಪ್ರಶ್ನೆಯನ್ನು ಅವರೇ ಕೇಳುತ್ತಾರೆ. ಉತ್ತರವನ್ನು ನೀವು ಬಚ್ಚಿಡಬೇಡಿ.